ಮೂರು ಚೀಲ ಇದ್ದಿಲು

ನಾಡಿನ ನೆಮ್ಮದಿಯ ದೃಷ್ಟಿಯಿಂದ ಮುಚ್ಚಿಡಲಾಗದ ಸಂಗತಿಯೊಂದು 1998ರ ಮಾರ್ಚ್ 17, ಮಂಗಳವಾರ ಬೆಳಿಗ್ಗೆ 9.40ಕ್ಕೆ ಚಳ್ಳಕೆರೆ ಠಾಣೆಯ ಗಮನಕ್ಕೆ ಬಂತು: ಮೂರು ಚೀಲ ಇದ್ದಿಲು ಕಳುವಾಗಿತ್ತು.

ದೂರು ತಂದವರು ಊರಾಚೆಯ ಶೇಂಗಾ ಎಣ್ಣೆ ಕಾರ್ಖಾನೆಯ ಮ್ಯಾನೇಜರು. ಸಬ್ ಇನ್ಸ್‌ಪೆಕ್ಟರ್ ಹನುಮಂತರಾಯ ಪೆನ್ನಿನ ಮುಚ್ಚಳವನ್ನೇ ತೆಗೆಯಲಿಲ್ಲ.

“ಇದ್ದಿಲಿಗೂ ಎಫ್‌ಐಆರ್ ಬೇಕೇನ್ರಿ?”

“ಒಲೆ ಇದ್ದಿಲಲ್ಲ ಸಾರ್. ಹಿಂಡಿಯಿಂದ ಎಣ್ಣೆ ತೆಗೆಯೋಕೆ ಹೆಕ್ಸೇನ್ ಹಾಕ್ತೀವಿ, ಪೆಟ್ರೋಲ್ ಥರ ಭಗ್ ಅಂತ ಹತ್ಕೊಳ್ಳೋ ದ್ರವ. ಅದು ಆವಿಯಾಗಿ ಗಾಳಿ ಜೊತೆ ಹೊರಟುಹೋಗುತ್ತೆ. ಆ ಗಾಳೀನ ಈ ಇದ್ದಿಲಿನ ಮೂಲಕ ಬಿಟ್ರೆ ಹೆಕ್ಸೇನ್ ಇದಕ್ಕೆ ಅಂಟ್ಕೊಳ್ಳುತ್ತೆ. ಆಮೇಲೆ ಹಬೆ ಕೊಟ್ಟು ವಾಪಸ್ ಪಡೀತೀವಿ. ಕಳುವಾಗಿರೋದು ಹಬೆ ಕೊಡದೆ ತೆಗೆದಿಟ್ಟಿದ್ದು. ಯಾರಾದ್ರೂ ಒಲೆಗೆ ಹಾಕಿದ್ರೆ ಮನೆ ಉಳಿಯಲ್ಲ.”

ಹನುಮಂತರಾಯ ಮುಚ್ಚಳ ತೆಗೆದ.

11 ಗಂಟೆಗೆ ಸ್ಥಳ ಪಂಚನಾಮೆ. ಶೆಡ್ಡಿನ ಬೀಗ ಒಡೆದಿರಲಿಲ್ಲ, ಒಳಗಿನವರದೇ ಕೈ. ಆದರೆ ಕಳ್ಳನಿಗಿಂತ ಮೊದಲು ಒಲೆ ಸಿಗಬೇಕಿತ್ತು. ಪೇದೆ ಯರ್ರಪ್ಪನನ್ನು ಕರೆದುಕೊಂಡು ಎರಡು ಹೋಟೆಲು, ಒಂದು ಕುಲುಮೆ ನೋಡಿ, ನೂರ್ ಅಹಮ್ಮದನ ಇಸ್ತ್ರಿ ಅಂಗಡಿಗೆ ಬಂದಾಗ 12.30.

“ಕಡಿಮೆ ರೇಟಿಗೆ ಯಾರಾದ್ರೂ ಇದ್ದಿಲು ತಂದಿದ್ರಾ?”

“ಇಲ್ಲ ಸಾಬ್. ಆದ್ರೆ ಎಣ್ಣೆ ಕಾರ್ಖಾನೆ ಹಮಾಲಿ ಚಿತ್ತಪ್ಪ ಮೊನ್ನೆ ನಮ್ಮನೆಯವಳ ಹತ್ರ ಹನ್ನೆರಡು ದಿಂಬಿನ ಚೀಲ ಹೊಲಿಸ್ಕೊಂಡ. ಅವನ ಹೆಂಡ್ತಿ ತವರಲ್ಲಿ ಅವ್ಳೆ. ಒಬ್ಬನಿಗೆ ಎಷ್ಟು ತಲೆ ಸಾಬ್?”

“ರಾವಣನಿಗಿಂತ ಎರಡು ಜಾಸ್ತಿ,” ಎಂದ ಯರ್ರಪ್ಪ.

1.15ಕ್ಕೆ ಚಿತ್ತಪ್ಪನ ಬಾಗಿಲು ತೆರೆಯಿತು. ಪೆಟ್ರೋಲ್ ಬಂಕಿನಂಥ ವಾಸನೆ ಮುಖಕ್ಕೆ ಹೊಡೆಯಿತು. ಯರ್ರಪ್ಪ ತುಟಿಯ ಬೀಡಿಯನ್ನು ಚರಂಡಿಯ ನೀರಿಗೆಸೆದ. ಒಲೆ ತಣ್ಣಗಿತ್ತು. ಮಂಚದ ಸುತ್ತ ಹನ್ನೆರಡು ದಿಂಬು, ಹೊಲಿಗೆಯ ಉದ್ದಕ್ಕೂ ಕರಿ. ತಗಡಿನ ಸೂರಿನ ಬಿಸಿಗೆ ಇದ್ದಿಲು ತಾನು ಹಿಡಿದದ್ದನ್ನೆಲ್ಲ ಧಾರಾಳವಾಗಿ ಬಿಡುತ್ತಿತ್ತು.

“ಏನ್ಲೇ ಇದು?”

“ವಾಸನೆ ಹೀರ್ಲಿ ಅಂತ ಸಾರ್. ನನ್ನ ಹೆಂಡ್ತಿ ಪುಷ್ಪಲತಾ ಬಸುರಿ. ನನ್ನ ಮೈಯಾಗಿನ ಕಾರ್ಖಾನೆ ವಾಸನೆಗೆ ದಿನಾ ವಾಂತಿ. ವಾಸನೆ ಹೋಗೋವರ್ಗೂ ಬರಲ್ಲ ಅಂತ ತವರು ಬಿ.ಜಿ. ಕೆರೆಗೆ ಹೋದ್ಲು. ಈ ಇದ್ದಿಲು ಗಾಳೀಲಿರೋ ವಾಸನೆ ಹಿಡೀತೈತೆ ಅಂತ ಮ್ಯಾನೇಜರೇ ಬಂದೋರಿಗೆಲ್ಲ ಹೇಳ್ತಿದ್ರು.”

“ಹಿಡೀತಾ?”

“ಆಗ್ಲೇ ಹೊಟ್ಟೆ ತುಂಬ್ಕೊಂಡೈತೆ ಅಂತ ಅವರು ಹೇಳ್ಲಿಲ್ಲ ಸಾರ್.”

ದಿಂಬುಗಳನ್ನು ನೆನೆಸಿ ಹೊರಗೆ ಸಾಗಿಸಿ, 2.05ಕ್ಕೆ ಆಸಾಮಿಯನ್ನು ಬಂಧಿಸಲಾಯಿತು. ಕೃತ್ಯದ ಉದ್ದೇಶ ಎಂಬಲ್ಲಿ ಹನುಮಂತರಾಯ ‘ಹೆಂಡತಿ ಮನೆಗೆ ಬರಲೆಂದು’ ಎಂದು ಬರೆದ. ಸ್ವಲ್ಪ ಹೊತ್ತು ನೋಡಿ, ಅದನ್ನು ಹೊಡೆದು ‘ಸ್ವಂತ ಬಳಕೆಗೆ’ ಎಂದು ತಿದ್ದಿದ.

ಮಾರನೆಯ ದಿನ ಜಾಮೀನು ಸಿಕ್ಕಿತು. ಕಾರ್ಖಾನೆ ಚಿತ್ತಪ್ಪನನ್ನು ಕೆಲಸದಿಂದ ತೆಗೆಯಿತು. ಎಂಟನೆಯ ದಿನ ಪುಷ್ಪಲತಾ ಮನೆಗೆ ಬಂದಳು.