ಗುಡ್ಡದ ದಾರಿಗೆ ಮುಳ್ಳುಬೇಲಿ

"ಗಿಡ ಬಿಟ್ಟು ದೂರ ಸರೀರಿ!"

ಬೆನ್ನ ಹಿಂದೆ ಗುಡುಗಿದ ದನಿಗೆ, ಶಾಲೆಯ ಮಕ್ಕಳಿಗೆ ಗಿಡ ತೋರಿಸುತ್ತಿದ್ದ ಅಕ್ಕೋರು ಗಿರಿಯಮ್ಮ ತಟ್ಟನೆ ತಿರುಗಿದಳು. ಜಂಗಲ್ ಖಾತೆಯ ಚೌಕಿದಾರ ಯಮನೂರಪ್ಪ ದೊಣ್ಣೆ ಊರಿಕೊಂಡು ನಿಂತಿದ್ದ. ನಿಜಾಮ್ ಸರ್ಕಾರದ ಕಾಡು ಅದು, ತಂಗಡಿ ಗಿಡ ಮುರಿದರೆ ಜುಲ್ಮಾನೆ. ಪುಟ್ಟ ಮಕ್ಕಳು ತಮ್ಮ ಅಕ್ಕೋರ ಸೀರೆಯ ಹಿಂದೆ ಅಡಗಿದರು.

ಹೆದರುವ ಹೆಣ್ಣೇ ಅವಳು?

"ನಾವು ಮುರಿಯಾಕ ಬಂದಿಲ್ರಿ, ನೋಡಾಕ ಬಂದೀವಿ. ಹುಳ ಎಲಿ ತಿಂತೈತಿ, ಹುಳಾನ್ನ ಹಕ್ಕಿ ತಿಂತೈತಿ. ಇದನ್ನ ಶಾಲಿಯ ನಾಕು ಗ್ವಾಡಿ ನಡುವ ಕೂತು ಕಲಿಯಾಕ ಆಗ್ತೈತೇನು?"

ಅವನು ಪೆಚ್ಚಾದ. ಆಮೇಲೆ ನಕ್ಕು, ಮಕ್ಕಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತ.

ಅಂದಿನಿಂದ ಮಸ್ಕಿಯ ಗುಡ್ಡ ಹತ್ತುವಾಗೆಲ್ಲ ಅವನೂ ಜೊತೆ. ನರಿ ಬಾರಿಹಣ್ಣು ತಿಂದು ಬೀಜವನ್ನು ಎಲ್ಲೆಲ್ಲಿ ಬಿತ್ತುತ್ತದೆಂದು ತೋರಿಸುತ್ತಿದ್ದ. ಮಕ್ಕಳು ಕೇಕೆ ಹಾಕಿ ನಗುತ್ತಿದ್ದರು. ಗಿರಿಯಮ್ಮನೋ, ಗುಡ್ಡಕ್ಕೆ ಹೋಗುವ ದಿನ ಯಾವ ಸೀರೆ ಉಡಲಿ ಎಂದು ಯೋಚಿಸತೊಡಗಿದ್ದಳು. 'ಅಯ್ಯೋ, ನನಗಿದೇನಾಯಿತು…'

ಒಂದು ಬೆಳಿಗ್ಗೆ ನೋಡಿದರೆ ದಾರಿಗೆ ಅಡ್ಡಲಾಗಿ ಜಾಲಿಮುಳ್ಳಿನ ಬೇಲಿ! ಕೆಲವು ದಿನ ಈ ಕಡೆ ಬರಬೇಡಿ ಎಂದಷ್ಟೇ ಹೇಳಿ, ಯಮನೂರಪ್ಪ ಮುಖ ಕೊಡದೆ ಹೋಗಿಬಿಟ್ಟ.

ಅವಳ ಶಾಲೆಯೆಂದರೆ ಒಂದೇ ಕತ್ತಲೆಯ ಕೋಣೆ. ಗುಡ್ಡದ ಆಸೆಗೇ ಮಕ್ಕಳು ಓಡೋಡಿ ಬರುತ್ತಿದ್ದರು. ಗುಡ್ಡ ತಪ್ಪಿದರೆ ಅರ್ಧ ಮಕ್ಕಳು ಮತ್ತೆ ಆಡು ಕಾಯಲು ಹೋಗುತ್ತಾರೆ. ಅದಕ್ಕಿಂತ ಹೆಚ್ಚು ಸುಟ್ಟಿದ್ದು ಬೇರೆಯೇ. 'ಇವನೂ ಸರ್ಕಾರದವನೇ. ನಾನೇ ಮರುಳಾದೆನಲ್ಲ…'

ಸಿಟ್ಟು ತಡೆಯದೆ ಮರುದಿನ ಒಬ್ಬಳೇ ಹೋಗಿ ಬೇಲಿಗೆ ಕೈ ಹಾಕಿದಳು. ಆಚೆಯಿಂದ ಯಮನೂರಪ್ಪ ತುಟಿಯ ಮೇಲೆ ಬೆರಳಿಟ್ಟು, ಬಾ ಎಂದು ಸನ್ನೆ ಮಾಡಿದ. ಅವಳು ಬೇಲಿಯ ಸಂದಿಯಲ್ಲಿ ನುಸುಳಿ ಹೋಗಿ ನೋಡಿದರೆ, ತಂಗಡಿಯ ಬುಡದಲ್ಲಿ ಒಂದು ಗೌಜಲಕ್ಕಿ ಕಾವು ಕೂತಿತ್ತು.

"ದಾರಿ ಮಗ್ಗಲಾಗ ತತ್ತಿ ಇಟ್ಟೈತಿ. ಹುಡುಗ್ರ ಕಾಲಿಗೆ ಸಿಕ್ಕೀತಂತ ಬೇಲಿ ಹಾಕೀನಿ. ಮರಿ ಆದ ದಿನ ಎಲ್ಲಾರ್ನೂ ಕರೀಬೇಕಂತಿದ್ದೆ," ಎಂದು ಪಿಸುಗುಟ್ಟಿದ.

ಅವಳ ಸಿಟ್ಟೆಲ್ಲ ಕರಗಿ ಕಣ್ಣು ತುಂಬಿ ಬಂತು. "ಇದನ್ನ ನಿನ್ನೆ ದಿನಾನ ಹೇಳಬಾರದಾಗಿತ್ತೇನ್ರಿ?"

"ಬಾಯಿ ತಗದ್ರ ಇನ್ನೊಂದು ಮಾತೂ ಬಂದುಬಿಡ್ತಿತ್ತು."

"ಯಾವ ಮಾತು?"

ಅವನು ನೆಲ ನೋಡಿದ. "ನಿಮ್ಮಪ್ಪಾರಿಗೆ ಕೇಳೋ ಮಾತು. ನಿಮ್ಮನ್ನ ಮದುವಿ ಆಗಬೇಕಂತ ಭಾಳ ಆಸೆ ಐತ್ರಿ."

ಗುಡ್ಡವೆಲ್ಲ ಕೇಳುವಂತೆ ಕೂಗಬೇಕೆನಿಸಿತು ಅವಳಿಗೆ. ಹಕ್ಕಿಯ ನೆನಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಇನ್ನೊಮ್ಮೆ ಹೇಳ್ರಿ… ಮೆಲ್ಲಗ."

"ಎಷ್ಟು ಸಲ ಹೇಳ್ಲಿ?"

"ಮರಿ ಹೊರಗ ಬರೋತನಕ."