ಕ್ರೀಸಸ್ ದೊರೆಯ ಮೂಗ ಮಗ

ಮಗಳು ಜಗದಾಂಬೆಯನ್ನು ಮೈಸೂರಿನ ಕಿವುಡ-ಮೂಗರ ಶಾಲೆಗೆ ಸೇರಿಸುತ್ತೇನೆಂದು ಅಣ್ಣ ವೀರಪ್ಪ ಹೇಳಿದ ದಿನವೇ, ಅದನ್ನು ತಪ್ಪಿಸಬೇಕೆಂದು ಶಿವಯೋಗಪ್ಪ ತೀರ್ಮಾನಿಸಿದ. ಅದು 1958ರ ಮೇ ತಿಂಗಳು.

ಶಿವಯೋಗಪ್ಪ ಶಿವಮೊಗ್ಗದಲ್ಲಿ ಚರಿತ್ರೆಯ ಮೇಷ್ಟ್ರು. ದುರ್ಗಿಗುಡಿಯ ಬಾಡಿಗೆ ಕೋಣೆಯಲ್ಲಿ ಒಬ್ಬಂಟಿ. ಆರು ವರ್ಷದಿಂದ ಪ್ರತಿ ಶನಿವಾರ ರೈಲು ಹತ್ತಿ ಭದ್ರಾವತಿಗೆ, ಅಣ್ಣನ ಕಾರ್ಖಾನೆ ಕ್ವಾರ್ಟರ್ಸಿಗೆ ಬರುತ್ತಿದ್ದುದು ಹತ್ತು ವರ್ಷದ ಈ ಹುಡುಗಿಗಾಗಿ. ಇಬ್ಬರೂ ಸೇರಿ ಕೈಸನ್ನೆಯ ಭಾಷೆಯೊಂದನ್ನು ಕಟ್ಟಿದ್ದರು. ಕೆನ್ನೆ ತಟ್ಟಿದರೆ ಚಿಕ್ಕಪ್ಪ. ನೆತ್ತಿಯ ಮೇಲೆ ಬೆರಳು ಅರಳಿಸಿದರೆ ದೊರೆ. ಅವಳಿಗೆ ಇಷ್ಟವಾದ ಕತೆ ಲಿಡಿಯಾ ಎಂಬ ಪ್ರಾಚೀನ ದೇಶದ ಕ್ರೀಸಸ್‌ನದು. ಚಿನ್ನದ ಆ ದೊರೆ ಯುದ್ಧದಲ್ಲಿ ಸೋತು ನಿಂತಾಗ ಶತ್ರು ಸೈನಿಕ ಕತ್ತಿ ಎತ್ತುತ್ತಾನೆ. ಹುಟ್ಟು ಮೂಗನಾದ ಮಗ ‘ಕೊಲ್ಲಬೇಡ’ ಎಂದು ಕೂಗುತ್ತಾನೆ. ಅಷ್ಟು ಭಾಗವನ್ನು ಅವಳು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದಳು. ಮೈಸೂರಿಗೆ ಹೋದರೆ ಬೇರೆಯವರ ಸನ್ನೆ ಕಲಿಯುತ್ತಾಳೆ. ತಾವಿಬ್ಬರು ಕಟ್ಟಿದ ಈ ಭಾಷೆ ಸಾಯುತ್ತದೆ.

ಆ ಶನಿವಾರ ರಾತ್ರಿ ಊಟದಲ್ಲಿ ವೀರಪ್ಪ ತುತ್ತು ಉಗಿದ. “ಮತ್ತೆ ಕಲ್ಲು! ಮೊರ ಹಿಡ್ಕೊಂಡು ನಿದ್ದೆ ಮಾಡ್ತೀಯೇನೇ ಮಾರಾಯ್ತಿ?”

“ಹಲ್ಲು ಗಟ್ಟಿ ಇವೆಯಲ್ಲ, ಅಗೀರಿ,” ಎಂದು ಅತ್ತಿಗೆ ಮಹಾಂತಮ್ಮ ನಕ್ಕಳು.

ಶಿವಯೋಗಪ್ಪನ ಗಮನ ಬೇರೆಡೆ ಇತ್ತು. ಶಾಲೆಯ ಖರ್ಚಿಗೆಂದು ಅತ್ತಿಗೆಯ ಚಿನ್ನದ ಬಳೆಗಳನ್ನು ಸೋಮವಾರ ಮಾರುವುದಿತ್ತು. ಬಳೆ ಇಲ್ಲವಾದರೆ ಮೈಸೂರೂ ಇಲ್ಲ.

ಭಾನುವಾರ ಬೆಳಿಗ್ಗೆ ಅಣ್ಣ ಪಾಳಿಗೆ ಹೋಗಿದ್ದ, ಅತ್ತಿಗೆ ಬೀದಿ ನಲ್ಲಿಗೆ. ದೇವರ ಪಟದ ಹಿಂದಿನ ಕೀಲಿ ತೆಗೆದು, ಬಳೆ ಜೇಬಿಗಿಳಿಸಿ, ಪೆಟ್ಟಿಗೆಗೆ ಮತ್ತೆ ಬೀಗ ಹಾಕಲು ಎರಡು ನಿಮಿಷ ಸಾಕಾಯಿತು. ತಿರುಗಿದರೆ ಬಾಗಿಲಲ್ಲಿ ಜಗದಾಂಬೆ. ಅವನು ಹೆದರಲಿಲ್ಲ, ಅದನ್ನೂ ಮೊದಲೇ ಯೋಚಿಸಿದ್ದ. ಅವಳ ಸನ್ನೆ ಬೇರೆ ಯಾರಿಗೂ ಅರ್ಥವಾಗದು, ಅವಳು ಏನು ಹೇಳಿದರೂ ಅದು ತನ್ನ ಬಾಯಿಂದಲೇ ಹೊರಬರಬೇಕು. ಆಮೇಲೆ ಹೊರಗೆ ಹೋಗಿ, ಸೇತುವೆಯ ಮೇಲೆ ನಿಂತು ಬಳೆಗಳನ್ನು ಭದ್ರಾ ನದಿಗೆ ಎಸೆದ. ಅವನಿಗೆ ಚಿನ್ನ ಬೇಕಿರಲಿಲ್ಲ.

ಸಂಜೆ ಕಳವು ಗೊತ್ತಾಯಿತು. ವೀರಪ್ಪ ಸೌದೆ ಎತ್ತಿ ಅಬ್ಬರಿಸಿದ. “ಯಾವನೇ ಆಗ್ಲಿ, ಕೈ ಮುರೀತೀನಿ! ಇವಳು ಮನೇಲೇ ಇದ್ದಳಲ್ಲ, ಕೇಳೋ ಶಿವಯೋಗಿ!”

ಹುಡುಗಿ ಸೌದೆಯನ್ನು ನೋಡಿದಳು, ಚಿಕ್ಕಪ್ಪನನ್ನು ನೋಡಿದಳು. ಅವಳ ಕೈಗಳು ಅವಸರವಸರವಾಗಿ ಆಡಿದವು.

“ಯಾರನ್ನೂ ನೋಡಿಲ್ಲವಂತೆ,” ಎಂದ ಶಿವಯೋಗಪ್ಪ.

“ಅವಳು ಹಂಗಂದಿಲ್ಲ.”

ಅಡುಗೆಮನೆಯ ಹೊಸ್ತಿಲಲ್ಲಿ ಮೊರ ಹಿಡಿದು ಕೂತಿದ್ದ ಮಹಾಂತಮ್ಮ ಹೇಳಿದಳು. ಅವಳು ಮಗಳ ಹಾಗೆಯೇ ಕೆನ್ನೆ ತಟ್ಟಿ ತೋರಿಸಿದಳು. “ಚಿಕ್ಕಪ್ಪ ತಗೊಂಡ್ರು, ಅವರನ್ನ ಹೊಡೀಬೇಡಿ, ಅಂದಳು.” ವೀರಪ್ಪನ ಕೈಯಿಂದ ಸೌದೆ ಜಾರಿತು. ಆರು ವರ್ಷವೂ ಅತ್ತಿಗೆ ಕೂರುತ್ತಿದ್ದುದು ಇದೇ ಹೊಸ್ತಿಲಲ್ಲಿ, ಅವರಿಬ್ಬರಿಗೆ ಎದುರಾಗಿ. ಶಿವಯೋಗಪ್ಪ ಮೊದಲ ಬಾರಿಗೆ ಆ ಮೊರದತ್ತ ನೋಡಿದ. ಅವಳ ಕಣ್ಣು ಅಕ್ಕಿಯ ಮೇಲೆ ಇದ್ದದ್ದೇ ಇಲ್ಲ. ಆರಿಸಿಟ್ಟ ಅಕ್ಕಿಯಲ್ಲಿ ಕಲ್ಲುಗಳು ಹಾಗೆಯೇ ಇದ್ದವು.