ಮೂರನೆಯ ಸಾಲಿನ ತಪ್ಪು

"ದಾಳದ ಮುಖಗಳು ಬೆಸಸಂಖ್ಯೆಯಲ್ಲಿದ್ರೆ?"

ಪ್ರೊಫೆಸರ್ ಅಮಂಕ್ವಾ ಹಿಂದಿನ ಸಾಲಿನಿಂದ ಮೆಲ್ಲಗೆ ಕೇಳಿದರು. ಸೆರ್ವಾಳ ಕೈಯಲ್ಲಿದ್ದ ಚಾಕ್ ಹಲಗೆಯ ಮೇಲೇ ನಿಂತುಬಿಟ್ಟಿತು.

ಕುಮಾಸಿಯ ವಿಶ್ವವಿದ್ಯಾಲಯದಲ್ಲಿ ಅದು ಅವಳ ಮೊದಲ ಉಪನ್ಯಾಸ. ಎರಡು ದಾಳಗಳಿಗೆ ಹೇಗೇ ಭಾರ ತುಂಬಿ ಮೋಸ ಮಾಡಿದರೂ ಎಲ್ಲ ಮೊತ್ತಗಳೂ ಸಮಸಮವಾಗಿ ಬೀಳುವಂತೆ ಮಾಡಲಾಗದು. ಆರು ಮುಖದ ದಾಳದ ಮಟ್ಟಿಗೆ ಇದು ಹಳೆಯ ಮಾತು. ಎಷ್ಟೇ ದಾಳಗಳಿರಲಿ, ಎಷ್ಟೇ ಮುಖಗಳಿರಲಿ, ಇದೇ ನಿಜ ಎಂದು ತೋರಿಸಲು ಅವಳು ಹೊರಟಿದ್ದಳು. ಆದರೆ ಅವಳ ಸಾಧನೆಯ ಮೂರನೆಯ ಸಾಲು ಸಮಸಂಖ್ಯೆಯ ಮುಖಗಳಿಗೆ ಮಾತ್ರ ನಿಲ್ಲುತ್ತಿತ್ತು. ಯಾರೋ ಕಿಸಕ್ಕೆಂದರು.

ಉಪನ್ಯಾಸ ಮುಗಿಸಿ ಬಂದಾಗ, ಬಾಗಿಲ ಹೊರಗಿಂದ ಎಲ್ಲ ಕೇಳಿಸಿಕೊಂಡಿದ್ದ ಗೆಳೆಯ ಸೆಲೋರ್ಮ್ ಖಾರ ಹಚ್ಚಿ ಕರಿದ ಬಾಳೆತುಂಡು, ಬಿಸಿ ಕೆಲೆವೆಲೆಯ ಪೊಟ್ಟಣ ಹಿಡಿದು ಕಾಯುತ್ತಿದ್ದ. ಬೀಜಗಣಿತೀಯ ರೇಖಾಗಣಿತ ಅವನ ವಿಷಯ. ಸಮೀಕರಣ ಕಂಡರೆ ಸಾಕು, ಗಾಳಿಯಲ್ಲಿ ಬೆರಳಾಡಿಸಿ ಅದರ ಆಕಾರ ಬರೆಯುವವನು. ಕುಮಾಸಿಯವರ ಟ್ವಿ ಭಾಷೆಯನ್ನು ವೋಲ್ಟಾ ಕಡೆಯ ಅವನು ತಪ್ಪುತಪ್ಪಾಗಿ ಆಡುವುದಕ್ಕೆ ನಗುತ್ತ ನಗುತ್ತಲೇ ಸೆರ್ವಾ ಅವನಿಗೆ ಮನಸ್ಸು ಕೊಟ್ಟು ವರ್ಷವಾಗಿತ್ತು. ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ.

"ತಿನ್ನು. ಅಮಂಕ್ವಾ ಸಾರ್ ಯಾರನ್ನ ಬಿಟ್ಟಿದ್ದಾರೆ ಹೇಳು?"

ಅವಳು ಕೈಯಲ್ಲಿದ್ದ ಸಾಧನೆಯ ಹಾಳೆ ತಿರುವಿದಳು. ಎರಡು ದಿನದ ಹಿಂದೆ ಅವನೇ ಓದಿ ಹಿಂತಿರುಗಿಸಿದ ಪ್ರತಿ ಅದು. ಮೂರನೆಯ ಸಾಲಿನ ಪಕ್ಕ ಕಾಗದ ಸವೆದಿತ್ತು. ಓರೆಯಾಗಿ ಬೆಳಕಿಗೆ ಹಿಡಿದಳು. ಉಜ್ಜಿ ಅಳಿಸಿದ ಪ್ರಶ್ನೆಚಿಹ್ನೆ.

"ನಿಂಗೆ ಗೊತ್ತಿತ್ತು."

ಅವನು ತಲೆ ತಗ್ಗಿಸಿದ. "ಅವತ್ತು ಎಷ್ಟು ಖುಷಿಯಾಗಿದ್ದೆ ನೀನು... ನನ್ನ ಲೆಕ್ಕವೇ ತಪ್ಪಿರಬಹುದು ಅಂದ್ಕೊಂಡೆ."

"ಸುಳ್ಳು! ಅಳ್ತಾಳೆ ಪಾಪ ಅಂತ ಅಳಿಸಿದೆ. ಅಷ್ಟು ಜನರ ಮುಂದೆ ನನ್ನನ್ನ ನಿಲ್ಲಿಸೋಕೆ ಮನಸ್ಸು ಹೇಗೆ ಬಂತೋ?"

"ಸೆರ್ವಾ, ನಾನು ನಿನ್ನನ್ನ..."

"ಹೇಳ್ಬೇಡ. ಈಗ ಹೇಳಿದ್ರೆ ಅದನ್ನೂ ನಂಬಕ್ಕಾಗಲ್ಲ."

ಹನ್ನೊಂದು ದಿನ ಮಾತಿಲ್ಲ. ಲೈಬ್ರರಿಯಲ್ಲಿ ಅವನ ಬೆನ್ನು ಕಂಡರೆ ಅವಳ ಕಣ್ಣು ಅಲ್ಲೇ ನೆಡುತ್ತಿತ್ತು. ಕಾಲು ಮಾತ್ರ ಬೇರೆ ಬಾಗಿಲಿಗೆ ಹೊರಳುತ್ತಿತ್ತು. ಹನ್ನೆರಡನೆಯ ಮಧ್ಯಾಹ್ನ ಅವಳು ನಾಲ್ಕು ಹಾಳೆಗಳನ್ನು ತಂದು ಅವನ ಮೇಜಿನ ಮೇಲಿಟ್ಟಳು.

"ಹೊಸದಾಗಿ ಮಾಡಿದೀನಿ. ಓದು. ನನ್ನ ಮುಖ ನೋಡ್ಬೇಡ, ಕಾಗದ ನೋಡು."

ಅವನು ಓದಿದ. ಅವಳು ಅವನ ರೆಪ್ಪೆಗಳನ್ನೇ ನೋಡುತ್ತ ಕೂತಳು. ಎರಡನೆಯ ಪುಟದಲ್ಲಿ ತುಟಿಯಂಚಿಗೆ ನಗು ಬಂತು. ಮೂರನೆಯದರಲ್ಲಿ ಹುಬ್ಬು ಗಂಟಿಕ್ಕಿತು, ಮತ್ತೆ ಸಡಿಲಲಿಲ್ಲ. ಅವನು ಹಾಳೆಗಳನ್ನು ಮೇಜಿನ ಮೇಲಿಟ್ಟ.

"ಎರಡು ದಾಳಕ್ಕೆ ಗಟ್ಟಿಯಾಗಿದೆ. ಬೆಸ ಮುಖಗಳಿದ್ರೂ ಸರಿ, ತುಂಬಾ ಚೆನ್ನಾಗಿದೆ. ಆದ್ರೆ ಮೂರು ದಾಳಕ್ಕೆ..." ಅವನು ಮತ್ತೊಮ್ಮೆ ಮೂರನೆಯ ಪುಟ ನೋಡಿದ. "ನಿಲ್ಲಲ್ಲ, ಸೆರ್ವಾ. ತಪ್ಪಿದೆ."

ಅವಳ ಕಣ್ಣು ತುಂಬಿತು. ಹನ್ನೊಂದು ದಿನದ ದುಡಿಮೆ! ಅವನು ಸಮಾಧಾನಕ್ಕೆ ಬಾಯಿ ತೆರೆದು, ಹಾಗೇ ಮುಚ್ಚಿಕೊಂಡ.

"ಎಲ್ಲಿ? ತೋರಿಸು."

ಅವನು ಬೆರಳಿಟ್ಟು ತೋರಿಸಿದ. ಆ ಕೈಯ ಮೇಲೆ ಅವಳ ಕೈ ಬಂದು ಕೂತಿತು.

"ಅವತ್ತು ಏನೋ ಹೇಳಕ್ಕೆ ಹೊರಟಿದ್ಯಲ್ಲ, ಈಗ ಹೇಳು."

"ಈಗ್ಲಾ? ತಪ್ಪಿದೆ ಅಂದ್ಮೇಲಾ?"

"ಈಗ್ಲೇ. ಈಗ ನಂಬ್ತೀನಿ."

ಅವನು ಹೇಳಿದ. ಅವಳು ಕಣ್ಣೊರೆಸಿಕೊಳ್ಳದೆ, ಅವನ ಕೈಯನ್ನೂ ಬಿಡದೆ, ಎಡಗೈಯಲ್ಲೇ ಮೂರನೆಯ ಪುಟವನ್ನು ಹತ್ತಿರಕ್ಕೆ ಎಳೆದುಕೊಂಡಳು.